ಕಪ್ಪು ಪರದೆಯ ಮೇಲೆ ಹೊರಿಸಿದ ಅಪವಾದ

ಡೇಟಾಬೇಸನ್ನು ಟರ್ಮಿನಲ್‌ನಿಂದ ಮುಟ್ಟುವುದು ಅಪಾಯ, ಮೌಸಿನಿಂದ ಮುಟ್ಟುವುದು ಸುರಕ್ಷಿತ. ಸಾಫ್ಟ್‌ವೇರ್ ಕಚೇರಿಗಳಲ್ಲಿ ಇದು ಈಗ ಯಾರೂ ವಾದಿಸಬೇಕಾದ ಮಾತಾಗಿ ಉಳಿದಿಲ್ಲ, ರೂಢಿಯೇ ಆಗಿಬಿಟ್ಟಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಡಿಬೀವರ್, ಪಿಜಿಅಡ್ಮಿನ್, ವರ್ಕ್‌ಬೆಂಚ್ ಎಂಬ ಮೌಸಿನ ಸಾಧನಗಳಲ್ಲಿ ಒಂದನ್ನು ಹಾಕಿಕೊಟ್ಟು, ಕಪ್ಪು ಪರದೆಯ ತಂಟೆಗೆ ಹೋಗಬೇಡಿ ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಕಾಲೇಜಿನಲ್ಲಿ ಝ್ಯಾಂಪ್ ಹಾಕಿ, ಬ್ರೌಸರಿನಲ್ಲಿ ಪಿಎಚ್‌ಪಿಮೈಅಡ್ಮಿನ್ ತೆರೆದು, ಬಟನ್ ಒತ್ತಿ ಟೇಬಲ್ ಮಾಡುವುದನ್ನು ಕಲಿತು ಬಂದವರಿಗೆ ಈ ಬುದ್ಧಿಮಾತು ಸರಿಯಾಗಿಯೇ ಕೇಳಿಸುತ್ತದೆ. ಕಮಾಂಡ್ ಲೈನ್ ಎಂದರೆ ಹಳೆಯ ಕಾಲದವರ ಹಟ, ಒಂದಕ್ಷರ ತಪ್ಪಿದರೆ ಕಂಪನಿ ಮುಳುಗೀತು ಎಂಬ ಭಯ ಅವರಲ್ಲಿ ಆಗಲೇ ಬೇರೂರಿರುತ್ತದೆ.

ಈ ರೂಢಿ ತಪ್ಪು. ಸ್ವಲ್ಪ ಮಟ್ಟಿಗೆ ತಪ್ಪು ಎಂದೂ ಅಲ್ಲ, ಅಪಾಯ ಎಲ್ಲಿದೆ ಎಂಬುದನ್ನೇ ಅದು ತಿರುವುಮುರುವು ಮಾಡಿದೆ. ಡೇಟಾಬೇಸಿನ ಮೇಲೆ ಮಾಡುವ ಕೆಲಸ ಬರಹದ ರೂಪದಲ್ಲಿದ್ದರೆ ಅದನ್ನು ಮಾಡುವ ಮೊದಲು ಇನ್ನೊಬ್ಬರು ಓದಬಹುದು, ಬೇರೆ ಯಂತ್ರದಲ್ಲಿ ಓಡಿಸಿ ನೋಡಬಹುದು, ಮಾಡಿದ ಮೇಲೆ ಲೆಕ್ಕ ಕೇಳಬಹುದು. ಕ್ಲಿಕ್ಕುಗಳಿಗೆ ಈ ಮೂರೂ ಒದಗುವುದಿಲ್ಲ.

ಭಯಕ್ಕೆ ಸಾಕ್ಷಿ ಕೇಳಿದರೆ ಎಲ್ಲರೂ ಮುಂದಿಡುವುದು ಗಿಟ್‌ಲ್ಯಾಬ್ ಎಂಬ ಕಂಪನಿಯ ಪ್ರಸಂಗವನ್ನು. ಅದನ್ನು ಕೇಳಿದವರು ಬಹಳ, ಕೊನೆಯವರೆಗೆ ಓದಿದವರು ಕಡಿಮೆ. ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ನೋಡಬೇಕು. 2017ರ ಜನವರಿ 31ರ ರಾತ್ರಿ ಆ ಕಂಪನಿಯ ಎರಡು ಪೋಸ್ಟ್‌ಗ್ರೆಸ್ ಸರ್ವರ್‌ಗಳ ಪೈಕಿ ಎರಡನೆಯದು ಮೊದಲನೆಯದರ ವೇಗಕ್ಕೆ ಸರಿಯಾಗಿ ನಕಲು ಮಾಡಿಕೊಳ್ಳಲಾರದೆ ಹಿಂದೆ ಬಿದ್ದಿತ್ತು. ನಕಲನ್ನು ಮೊದಲಿನಿಂದ ಮಾಡಲು ಪಿಜಿ ಬೇಸ್‌ಬ್ಯಾಕಪ್ ಎಂಬ ಸಾಧನವನ್ನು ಓಡಿಸಿದರು. ಅದು ಏನನ್ನೂ ಹೇಳದೆ ನಿಂತುಬಿಟ್ಟಿತು. ಡೇಟಾ ಫೋಲ್ಡರಿನಲ್ಲಿ ಏನೋ ಉಳಿದಿರುವುದೇ ಕಾರಣವಿರಬೇಕೆಂದುಕೊಂಡ ಎಂಜಿನಿಯರ್ ಆ ಫೋಲ್ಡರನ್ನು ಅಳಿಸಿದರು. ಆದರೆ ಅಳಿಸಿದ್ದು ಎರಡನೆಯ ಸರ್ವರ್‌ನಲ್ಲಲ್ಲ, ಜನ ಬಳಸುತ್ತಿದ್ದ ಮೊದಲನೆಯದರಲ್ಲಿ. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಡೇಟಾದಲ್ಲಿ ಉಳಿದಿದ್ದದ್ದು 4.5 ಜಿಬಿ.

ಕಮಾಂಡ್ ಲೈನನ್ನು ದೂರುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಮೊದಲನೆಯದಾಗಿ, ಅಂದು ಅಳಿಸಿದ ಆದೇಶ ಡೇಟಾಬೇಸ್ ಸಾಧನದ್ದಲ್ಲ, ಆಪರೇಟಿಂಗ್ ಸಿಸ್ಟಮ್ಮಿನದು. ಅದೇ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಧನವಾದ ಪಿಎಸ್‌ಕ್ಯೂಎಲ್ ತೆರೆದು ಡೇಟಾಬೇಸನ್ನು ಬೀಳಿಸಲು ಹೋಗಿದ್ದರೆ, ಇತರರು ಇದನ್ನು ಬಳಸುತ್ತಿದ್ದಾರೆ, ಬೀಳಿಸಲಾಗದು ಎಂದು ಪೋಸ್ಟ್‌ಗ್ರೆಸ್ ನಿರಾಕರಿಸುತ್ತಿತ್ತು. ಎರಡನೆಯದಾಗಿ, ಅಳಿಸಿಹೋದದ್ದು ಆ ರಾತ್ರಿಯ ಅವಘಡ ಮಾತ್ರ. ಅದು ದುರಂತವಾದದ್ದು ಬ್ಯಾಕಪ್ ಇರಲಿಲ್ಲವೆಂಬ ಕಾರಣಕ್ಕೆ. ಸರ್ವರ್ ಓಡುತ್ತಿದ್ದದ್ದು ಪೋಸ್ಟ್‌ಗ್ರೆಸ್ 9.6ರಲ್ಲಿ. ಬ್ಯಾಕಪ್ ಕೆಲಸಕ್ಕೆ ಓಡುತ್ತಿದ್ದದ್ದು 9.2ರ ಪಿಜಿ ಡಂಪ್ ಎಂಬ ಸಾಧನ. ತನಗಿಂತ ಹೊಸ ಸರ್ವರ್‌ನಿಂದ ಡಂಪ್ ತೆಗೆಯಲಾರೆನೆಂದು ಅದು ಪ್ರತಿ ಸಲವೂ ಎರರ್ ಕೊಟ್ಟು ನಿಲ್ಲುತ್ತಿತ್ತು. ಆ ಎರರನ್ನು ಹೊತ್ತ ಇಮೇಲ್‌ಗಳನ್ನು ಸಹಿ ಇಲ್ಲವೆಂಬ ಕಾರಣಕ್ಕೆ ಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಬ್ಯಾಕಪ್ ಇರಬೇಕಿದ್ದ ಅಮೆಜಾನ್ ಸಂಗ್ರಹ ಖಾಲಿಯಿತ್ತು. ಕೊನೆಗೆ ಕೈಹಿಡಿದದ್ದು ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಡಿಸ್ಕ್ ಸ್ನ್ಯಾಪ್‌ಶಾಟ್. ಆ ಆರು ಗಂಟೆಗಳಲ್ಲಿ ಜನ ಮಾಡಿದ್ದ ಸುಮಾರು 5,000 ಪ್ರಾಜೆಕ್ಟ್‌ಗಳು, 5,000 ಕಾಮೆಂಟ್‌ಗಳು, 700 ಬಳಕೆದಾರರ ಖಾತೆಗಳು ಹೋದವು.

ಇಡೀ ಪ್ರಸಂಗದಲ್ಲಿ ಪಿಜಿ ಡಂಪ್ ಒಂದು ಸಲವೂ ಸುಳ್ಳು ಹೇಳಿಲ್ಲ. ಕೆಲಸ ಆಗಲಿಲ್ಲ ಎಂದು ಪ್ರತಿದಿನ ಹೇಳಿತು, ಕೇಳಿಸಿಕೊಳ್ಳುವವರಿಗೆ ಮಾತ್ರ ಅದು ತಲುಪಲಿಲ್ಲ. ಗಿಟ್‌ಲ್ಯಾಬ್ ಆಮೇಲೆ ಮಾಡಿದ್ದೇನು? ಎಂಜಿನಿಯರ್‌ಗಳ ಕೈಯಿಂದ ಟರ್ಮಿನಲ್ ಕಸಿದುಕೊಳ್ಳಲಿಲ್ಲ. ಯಾವ ಸರ್ವರ್‌ನಲ್ಲಿ ಇದ್ದೇವೆಂಬುದು ಎದ್ದು ಕಾಣುವಂತೆ ಪ್ರಾಂಪ್ಟ್ ಬದಲಿಸುವುದು, ಬ್ಯಾಕಪ್ ನಿಜವಾಗಿ ಆಗಿದೆಯೇ ಎಂದು ನಿಗಾ ಇಡುವುದು, ಅದನ್ನು ಮತ್ತೆ ತುಂಬಿಸಿ ಪರೀಕ್ಷಿಸುವುದು, ಇವು ಅವರು ಹಾಕಿಕೊಂಡ ಕೆಲಸದ ಪಟ್ಟಿಯಲ್ಲಿದ್ದವು. ಅದಕ್ಕಿಂತ ದೊಡ್ಡ ವಿಷಯ, ಯಾವ ಗಳಿಗೆಯಲ್ಲಿ ಯಾವ ಯಂತ್ರದಲ್ಲಿ ಏನಾಯಿತು ಎಂಬುದನ್ನು ಲೋಕದ ಮುಂದೆ ಬರೆದಿಡಲು ಅವರಿಗೆ ಸಾಧ್ಯವಾಯಿತು. ಮಾಡಿದ ಕೆಲಸ ಆದೇಶಗಳ ರೂಪದಲ್ಲಿ ಇದ್ದುದರಿಂದಲೇ ಅಷ್ಟು ಕರಾರುವಾಕ್ಕಾದ ವರದಿ ಹುಟ್ಟಿತು.

ಅದೇ ವರ್ಷದ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಗಂಟೆಗಟ್ಟಲೆ ನಿಂತುಹೋದದ್ದೂ ಆದೇಶವೊಂದಕ್ಕೆ ತಪ್ಪು ಮೌಲ್ಯ ಕೊಟ್ಟದ್ದರಿಂದ. ಕೆಲವೇ ಸರ್ವರ್‌ಗಳನ್ನು ತೆಗೆಯಬೇಕಿದ್ದಲ್ಲಿ ಬಹಳಷ್ಟು ಹೋದವು. ಅಮೆಜಾನ್ ಮಾಡಿದ ತಿದ್ದುಪಡಿ ಆ ಕಮಾಂಡ್ ಸಾಧನದ ಒಳಗೇ ಆಯಿತು: ಸರ್ವರ್‌ಗಳನ್ನು ಇನ್ನು ಮುಂದೆ ನಿಧಾನವಾಗಿ ತೆಗೆಯಬೇಕು, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಸಲು ಬಿಡಬಾರದು. ಬರಹದಲ್ಲಿರುವ ಸಾಧನಕ್ಕೆ ಕಾವಲು ಕಟ್ಟುವುದು ಹೀಗೆ.

ಈಗ ಇನ್ನೊಂದು ಬದಿ. 2020ರ ಆಗಸ್ಟ್ 11ರಂದು ಸಿಟಿಬ್ಯಾಂಕ್, ರೆವ್ಲಾನ್ ಕಂಪನಿಯ ಸಾಲದಾತರಿಗೆ ಬಡ್ಡಿ ಕಳಿಸಬೇಕಿತ್ತು, 80 ಲಕ್ಷ ಡಾಲರಿಗಿಂತ ಸ್ವಲ್ಪ ಕಡಿಮೆ. ಕಳಿಸಿದ್ದು ಹತ್ತಿರ ಹತ್ತಿರ 90 ಕೋಟಿ ಡಾಲರ್, ಬ್ಯಾಂಕಿನ ಸ್ವಂತ ಹಣ. ಅಲ್ಲಿ ಯಾರೂ ಕಪ್ಪು ಪರದೆಯ ಮುಂದೆ ಕೂತಿರಲಿಲ್ಲ. ಫ್ಲೆಕ್ಸ್‌ಕ್ಯೂಬ್ ಎಂಬ ಬ್ಯಾಂಕಿಂಗ್ ತಂತ್ರಾಂಶದ ಫಾರ್ಮು ತೆರೆದಿತ್ತು, ಗುರುತು ಹಾಕುವ ಚೌಕಗಳಿದ್ದವು. ಅಸಲು ಮೊತ್ತ ಬ್ಯಾಂಕಿನ ಒಳಗಿನ ಖಾತೆಗೇ ಹೋಗಬೇಕಾದರೆ ಫ್ರಂಟ್, ಫಂಡ್, ಪ್ರಿನ್ಸಿಪಲ್ ಎಂಬ ಮೂರು ಚೌಕಗಳನ್ನೂ ತುಂಬಬೇಕಿತ್ತು, ತುಂಬಿದ್ದು ಒಂದನ್ನು. ಮೂವರು ಒಬ್ಬರಾದ ಮೇಲೊಬ್ಬರು ಆ ಪರದೆಯನ್ನು ನೋಡಿ ಒಪ್ಪಿಗೆ ಕೊಟ್ಟರು. ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ, ಮುಂದುವರಿಯಲೇ ಎಂದು ತಂತ್ರಾಂಶ ಕೇಳಿತು, ಎಷ್ಟು ಹೋಗುತ್ತದೆ ಎಂದು ಹೇಳಲಿಲ್ಲ. ಬಡ್ಡಿ ಹೊರಗೆ ಹೋಗಬೇಕಾದದ್ದೇ ಆದ್ದರಿಂದ ಆ ಪ್ರಶ್ನೆಯಲ್ಲಿ ಯಾರಿಗೂ ಅನುಮಾನ ಕಾಣಲಿಲ್ಲ. ಸುಮಾರು 50 ಕೋಟಿ ಡಾಲರನ್ನು ಪಡೆದವರು ಹಿಂದಿರುಗಿಸಲಿಲ್ಲ. 2021ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅದನ್ನು ಅವರೇ ಇಟ್ಟುಕೊಳ್ಳಬಹುದೆಂದಿತು. ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಬದಿಗೆ ಸರಿಸಿದ್ದು 2022ರ ಸೆಪ್ಟೆಂಬರಿನಲ್ಲಿ.

ಈ ಘಟನೆಯಾದ ಮೇಲೆ ಚೌಕಗಳಿರುವ ಪರದೆಗಳನ್ನು ಕಚೇರಿಗಳಿಂದ ಓಡಿಸಬೇಕೆಂದು ಯಾರೂ ಕೂಗಲಿಲ್ಲ. ಟರ್ಮಿನಲ್‌ನಲ್ಲಿ ತಪ್ಪಾದರೆ ದೋಷ ಟರ್ಮಿನಲ್‌ನದು, ಫಾರ್ಮಿನಲ್ಲಿ ತಪ್ಪಾದರೆ ದೋಷ ಸಿಬ್ಬಂದಿಯದು. ಹೀಗೆ ಎರಡು ಅಳತೆಗೋಲು ಹಿಡಿದು ಬೆಳೆಸಿದ್ದೇ ಈ ಪ್ರಚಲಿತ ಅಭಿಪ್ರಾಯ.

ಕಮಾಂಡ್ ಲೈನ್ ಸಾಧನ ಏನು ಮಾಡುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಪಿಎಸ್‌ಕ್ಯೂಎಲ್ ತೆರೆದು ‘ಬಿಗಿನ್’ ಎಂದು ಕೊಟ್ಟರೆ ಅಲ್ಲಿಂದ ಮುಂದಿನದೆಲ್ಲ ಒಂದು ಟ್ರಾನ್ಸಾಕ್ಷನ್. ಪ್ರಾಂಪ್ಟ್‌ನಲ್ಲೇ ಒಂದು ನಕ್ಷತ್ರ ಚಿಹ್ನೆ ಮೂಡಿ, ಕೆಲಸ ಇನ್ನೂ ಮುಗಿದಿಲ್ಲವೆಂದು ನೆನಪಿಸುತ್ತದೆ. ಒಬ್ಬ ಗ್ರಾಹಕರ ವಿಳಾಸ ಬದಲಿಸಲು ಅಪ್‌ಡೇಟ್ ಕೊಟ್ಟಾಗ ‘ಅಪ್‌ಡೇಟ್ 1’ ಎಂಬ ಉತ್ತರ ಬಂದರೆ ಸರಿ. ‘ಅಪ್‌ಡೇಟ್ 48213’ ಎಂದು ಬಂದರೆ ‘ವೇರ್’ ಬಿಟ್ಟುಹೋಗಿದೆಯೆಂದು ಆ ಕ್ಷಣವೇ ತಿಳಿಯುತ್ತದೆ, ‘ರೋಲ್‌ಬ್ಯಾಕ್’ ಎಂದರೆ ಎಲ್ಲವೂ ಮೊದಲಿನಂತೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ಲನ್ನೇ ಬೀಳಿಸಿದ್ದರೂ ಟ್ರಾನ್ಸಾಕ್ಷನ್ನಿನ ಒಳಗಿದ್ದರೆ ಹಿಂದಕ್ಕೆ ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಈ ಸೌಲಭ್ಯ ಇಲ್ಲ, ಅಲ್ಲಿ ಟೇಬಲ್ ಬೀಳಿಸಿದೊಡನೆ ಟ್ರಾನ್ಸಾಕ್ಷನ್ ತಾನಾಗಿ ಮುಗಿದುಹೋಗುತ್ತದೆ. ಈ ವ್ಯತ್ಯಾಸ ಡೇಟಾಬೇಸಿನದು. ಎರಡರ ಮೇಲೂ ಒಂದೇ ಬಗೆಯ ಬಟನ್ ಹಚ್ಚಿದ ಪರದೆಯಲ್ಲಿ ಅದು ಕಾಣುವುದಿಲ್ಲ, ಎರಡನ್ನೂ ಟರ್ಮಿನಲ್‌ನಲ್ಲಿ ಬಳಸಿದವರಿಗೆ ಮರೆಯುವುದಿಲ್ಲ.

ಮೈಎಸ್‌ಕ್ಯೂಎಲ್‌ನ ಕಮಾಂಡ್ ಸಾಧನದಲ್ಲಿ ‘ಸೇಫ್ ಅಪ್‌ಡೇಟ್ಸ್’ ಎಂಬ ಆಯ್ಕೆ ಬಹುಕಾಲದಿಂದ ಇದೆ. ಅದನ್ನು ಹಾಕಿಕೊಂಡರೆ ಕೀಯನ್ನೂ ಹೆಸರಿಸದ, ಮಿತಿಯನ್ನೂ ಹಾಕದ ಅಪ್‌ಡೇಟ್, ಡಿಲೀಟ್‌ಗಳು ನಡೆಯುವುದಿಲ್ಲ. ವರ್ಕ್‌ಬೆಂಚ್ ಈ ಕಾವಲನ್ನೇ ಎರವಲು ತಂದು ಮೊದಲಿನಿಂದಲೇ ಚಾಲೂ ಇಟ್ಟಿದೆ. 1175 ಎಂಬ ಸಂಖ್ಯೆಯ ಎರರ್ ಕಂಡವರಿಗೆ ಇದು ಗೊತ್ತು. ಆ ಎರರ್ ಕಂಡೊಡನೆ ಬಹಳ ಮಂದಿ ಮಾಡುವುದು ಪ್ರಿಫರೆನ್ಸಸ್‌ಗೆ ಹೋಗಿ ಆ ಗುರುತನ್ನು ತೆಗೆಯುವುದು. ತೆಗೆದದ್ದು ತೆಗೆದೇ ಇರುತ್ತದೆ. ಆರು ತಿಂಗಳಾದ ಮೇಲೆ ಅದೇ ಯಂತ್ರದಿಂದ ಪ್ರೊಡಕ್ಷನ್‌ಗೆ ಸಂಪರ್ಕಿಸುವಾಗ ಆ ಗುರುತು ಯಾವ ಸ್ಥಿತಿಯಲ್ಲಿದೆಯೆಂದು ಯಾರು ನೋಡುತ್ತಾರೆ?

ಕಮಾಂಡ್ ಸಾಧನಗಳಲ್ಲಿ ದೋಷಗಳಿಲ್ಲವೆಂದಲ್ಲ. ಪಿಎಸ್‌ಕ್ಯೂಎಲ್‌ಗೆ ಒಂದು ಸ್ಕ್ರಿಪ್ಟ್ ಕೊಟ್ಟರೆ ನಡುವೆ ಎರರ್ ಬಂದರೂ ಅದು ಮುಂದಿನ ಸಾಲಿಗೆ ಹೋಗುತ್ತದೆ. ನಿಲ್ಲಬೇಕಾದರೆ ‘ಆನ್ ಎರರ್ ಸ್ಟಾಪ್’ ಎಂದು ಮೊದಲೇ ಹೇಳಿರಬೇಕು. ಇದು ಕೆಟ್ಟ ಪದ್ಧತಿ, ಹೊಸಬರನ್ನು ಕಚ್ಚುತ್ತದೆ. ಬಿಗಿನ್ ಎನ್ನದೆ ಕೊಟ್ಟ ಆದೇಶ ಕೂಡಲೇ ಕಾಯಂ ಆಗುವುದೂ ಹೀಗೆಯೇ, ಆದರೆ ಡಿಬೀವರ್‌ನಲ್ಲೂ ಮೊದಲಿನಿಂದ ಇರುವ ವ್ಯವಸ್ಥೆ ಅದೇ ತಾನೆ? ಎರಡಕ್ಕೂ ಪರಿಹಾರ ಪಿಎಸ್‌ಕ್ಯೂಎಲ್‌ನಲ್ಲಿ ಒಂದು ಚಿಕ್ಕ ಸೆಟ್ಟಿಂಗ್ ಫೈಲ್. ಆ ಫೈಲನ್ನು ತಂಡದ ಎಲ್ಲರೂ ಒಂದೇ ರೀತಿ ಇಟ್ಟುಕೊಳ್ಳಬಹುದು, ಪ್ರೊಡಕ್ಷನ್ ಪ್ರಾಂಪ್ಟ್‌ಗೆ ಕೆಂಪು ಬಣ್ಣ ಹಾಕುವ ಸಾಲನ್ನೂ ಅದರಲ್ಲೇ ಸೇರಿಸಬಹುದು.

ಜಿಯುಐಯಲ್ಲೂ, ಅಂದರೆ ಬಟನ್ ಹಚ್ಚಿದ ಆ ಪರದೆಗಳಲ್ಲೂ, ಕ್ವೆರಿ ಬರೆಯುವ ಕಿಟಕಿ ಇದೆಯಲ್ಲ ಎಂಬ ಪ್ರಶ್ನೆ ಬರುತ್ತದೆ. ಇದೆ. ಪಿಜಿಅಡ್ಮಿನ್ ತನ್ನ ಬಹುತೇಕ ಫಾರ್ಮುಗಳಲ್ಲಿ ಎಸ್‌ಕ್ಯೂಎಲ್ ಎಂಬ ಟ್ಯಾಬ್ ಇಟ್ಟು, ನೀವು ತುಂಬಿದ್ದು ಯಾವ ಆದೇಶವಾಗುತ್ತದೆಂದು ತೋರಿಸುತ್ತದೆ. ಪಿಎಚ್‌ಪಿಮೈಅಡ್ಮಿನ್ ಕೂಡ ತಾನು ಓಡಿಸಿದ ಕ್ವೆರಿಯನ್ನು ಮೇಲೆ ಅಚ್ಚುಹಾಕಿ ತೋರಿಸುತ್ತದೆ. ಇವುಗಳನ್ನು ಕಟ್ಟಿದವರು ನಿಜವಾದ ಕೆಲಸ ಆದೇಶದಲ್ಲಿದೆ, ಬಟನ್‌ನಲ್ಲಿ ಇಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡವರು. ಒಪ್ಪದೆ ಇರುವುದು ಅವನ್ನು ಕೊಂಡಾಡುವವರು. ಟೇಬಲ್‌ಗಳ ಸಂಬಂಧವನ್ನು ನಕ್ಷೆಯಾಗಿ ನೋಡಲು, ನಿಧಾನವಾದ ಕ್ವೆರಿಯ ಯೋಜನೆಯನ್ನು ಚಿತ್ರವಾಗಿ ಬಿಡಿಸಿ ನೋಡಲು ಜಿಯುಐ ಚೆನ್ನಾಗಿಯೇ ಒದಗುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ನೋಡುವ ಸಾಧನವನ್ನೇ ಬದಲಿಸುವ ಸಾಧನವನ್ನಾಗಿ ಮಾಡಿಕೊಂಡು, ಅದನ್ನು ಸುರಕ್ಷತೆ ಎಂದು ಕರೆಯುವುದರಲ್ಲಿ.

ಇದರ ದುಬಾರಿ ರೂಪವೊಂದಿದೆ: ಡೇಟಾವನ್ನು ಎಕ್ಸೆಲ್‌ಗೆ ಇಳಿಸಿ, ಅಲ್ಲಿ ಸರಿಮಾಡಿ, ಮತ್ತೆ ಏರಿಸುವುದು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳನ್ನು ಲೆಕ್ಕದಿಂದ ಕಳೆದುಕೊಂಡದ್ದು ಹೀಗೆ. ಪ್ರಯೋಗಾಲಯಗಳಿಂದ ಬಂದ ಫೈಲ್‌ಗಳನ್ನು ಹಳೆಯ ಎಕ್ಸೆಲ್ ನಮೂನೆಗೆ ಎಳೆದುಕೊಳ್ಳುತ್ತಿದ್ದರು. ಆ ನಮೂನೆಯ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹಿಡಿಯದ್ದು ಸದ್ದಿಲ್ಲದೆ ಉದುರಿತು. ಸೋಂಕಿತರ ಸಂಪರ್ಕದಲ್ಲಿದ್ದವರಿಗೆ ಸಿಗಬೇಕಿದ್ದ ಎಚ್ಚರಿಕೆಯೂ ತಡವಾಯಿತು. ಅದೇ ವರ್ಷ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ, ಸೆಪ್ಟ್1, ಮಾರ್ಚ್1 ಎಂಬಂಥ ಹೆಸರುಗಳನ್ನು ಎಕ್ಸೆಲ್ ದಿನಾಂಕವಾಗಿ ತಿರುಗಿಸುತ್ತದೆಂದು ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಪೋಸ್ಟ್‌ಗ್ರೆಸ್‌ನ ‘ಕಾಪಿ’ ಆದೇಶ ಒಂದು ಫೈಲನ್ನು ತುಂಬಿಸಿದ ಮೇಲೆ ಎಷ್ಟು ಸಾಲು ಸೇರಿದವೆಂದು ಹೇಳುತ್ತದೆ, ಒಂದು ಸಾಲು ಹೊಂದದಿದ್ದರೂ ಆ ಸಾಲಿನ ಸಂಖ್ಯೆ ಕೊಟ್ಟು ಇಡೀ ಕೆಲಸವನ್ನು ನಿಲ್ಲಿಸುತ್ತದೆ. ಅದರ ಈ ಒರಟುತನವೇ ಡೇಟಾ ಇಟ್ಟುಕೊಂಡವರಿಗೆ ಬೇಕಾದ ಗುಣ.

ಪಿಎಚ್‌ಪಿಮೈಅಡ್ಮಿನ್‌ನ ಕಷ್ಟ ಇನ್ನೊಂದು ಬಗೆಯದು. ಪಿಎಚ್‌ಪಿಯ ಮೂಲ ಸೆಟ್ಟಿಂಗ್‌ನಲ್ಲಿ ಏರಿಸಬಹುದಾದ ಫೈಲಿನ ಗಾತ್ರ 2 ಎಂಬಿ, ಓಡಬಹುದಾದ ಸಮಯ 30 ಸೆಕೆಂಡ್. ದೊಡ್ಡ ಡಂಪನ್ನು ಬ್ರೌಸರಿನಿಂದ ತುಂಬಿಸಲು ಹೋದವರು ಅರ್ಧ ಟೇಬಲ್‌ಗಳೊಂದಿಗೆ ಕೂತು ಮಿತಿಗಳನ್ನು ಹೆಚ್ಚಿಸುವ ದಾರಿ ಹುಡುಕುತ್ತಾರೆ. ಅದೇ ಫೈಲನ್ನು ಮೈಎಸ್‌ಕ್ಯೂಎಲ್ ಕಮಾಂಡ್‌ಗೆ ಒಂದು ಸಾಲಿನಲ್ಲಿ ಊಡಿಸಿದರೆ ಬ್ರೌಸರಿನ ಯಾವ ಮಿತಿಯೂ ಅಡ್ಡ ಬರುವುದಿಲ್ಲ. ಜತೆಗೆ, ಅಂತರ್ಜಾಲಕ್ಕೆ ತೆರೆದ ಯಾವ ವೆಬ್ ಸರ್ವರ್‌ನ ದಾಖಲೆ ನೋಡಿದರೂ ಪಿಎಚ್‌ಪಿಮೈಅಡ್ಮಿನ್ ಇಲ್ಲಿದೆಯೇ ಎಂದು ಬಾಗಿಲು ತಟ್ಟಿ ಹೋದ ಬಾಟ್‌ಗಳ ಸಾಲುಗಳು ಸಿಗುತ್ತವೆ. ಸುರಕ್ಷಿತವೆಂದು ಹೊಸಬರ ಕೈಗಿಡುವ ಸಾಧನ ಕಳ್ಳರು ಮೊದಲು ಹುಡುಕುವ ಸಾಧನವೂ ಆಗಿದೆ.

ಕನ್ನಡದಲ್ಲಿ ಡೇಟಾ ಇಡುವವರಿಗೆ ಕಮಾಂಡ್ ಲೈನ್ ಬಗ್ಗೆ ಒಂದು ನ್ಯಾಯವಾದ ದೂರಿದೆ. ಅನೇಕ ಟರ್ಮಿನಲ್‌ಗಳು ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಮನೆ ಎಂಬ ಲೆಕ್ಕದಲ್ಲಿ ಕಟ್ಟಿದವು, ಒತ್ತಕ್ಷರ ಬಂದರೆ ಒಡೆದು ತೋರಿಸುತ್ತವೆ, ಸಾಲುಗಳು ಓರೆಯಾಗುತ್ತವೆ. ಈ ಕೊರತೆಯನ್ನು ಟರ್ಮಿನಲ್ ಮಾಡುವವರು ಎಂದೋ ಸರಿಪಡಿಸಬೇಕಿತ್ತು. ಆದರೆ ಕನ್ನಡದ ಡೇಟಾ ನಿಜಕ್ಕೂ ಹಾಳಾಗುವುದು ತೋರಿಸುವಾಗಲ್ಲ, ಇಡುವಾಗ. ಯುಟಿಎಫ್-8ರಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್. ಮೈಎಸ್‌ಕ್ಯೂಎಲ್ ಸಂಪರ್ಕದ ಅಕ್ಷರವ್ಯವಸ್ಥೆ ಲ್ಯಾಟಿನ್-1 ಎಂದಿದ್ದು, ಟೇಬಲ್ ಯುಟಿಎಫ್-8ರಲ್ಲಿದ್ದರೆ ಪ್ರತಿ ಬೈಟೂ ಬೇರೊಂದು ಅಕ್ಷರವೆಂದು ತಿಳಿದು ಮತ್ತೊಮ್ಮೆ ಪರಿವರ್ತನೆಯಾಗುತ್ತದೆ. ‘ಕ’ ಏಳು ಬೈಟ್ ಆಗಿ ಕೂರುತ್ತದೆ. ಬರೆಯುವಾಗಲೂ ಓದುವಾಗಲೂ ಅದೇ ತಪ್ಪು ಸಂಪರ್ಕ ಇದ್ದರೆ ಪರದೆಯ ಮೇಲೆ ಕನ್ನಡ ಚೆಂದವಾಗಿಯೇ ಕಾಣುತ್ತದೆ. ಬೇರೊಂದು ತಂತ್ರಾಂಶ ಸರಿಯಾದ ಸಂಪರ್ಕದಿಂದ ಓದಿದ ದಿನ ಕಸ ಕಾಣುತ್ತದೆ, ಆಗ ದೋಷ ಹೊಸ ತಂತ್ರಾಂಶದ ಮೇಲೆ ಬೀಳುತ್ತದೆ. ಚೆಂದದ ಪರದೆಯನ್ನು ನಂಬಿ ಇದನ್ನು ಹಿಡಿಯಲಾಗದು. ಅಕ್ಷರದ ಬೈಟ್ ಉದ್ದವನ್ನು ಕೇಳಿ ಮೂರೋ ಏಳೋ ನೋಡಬೇಕು. ಕಮಾಂಡ್ ಲೈನ್‌ನಲ್ಲಿ ಸಂಪರ್ಕದ ಅಕ್ಷರವ್ಯವಸ್ಥೆಯನ್ನು ಆದೇಶದಲ್ಲೇ ಬರೆಯಬಹುದು, ಆಮೇಲೆ ಏನೆಂದು ಬರೆದಿತ್ತೆಂದು ನೋಡಲೂಬಹುದು. ಜಿಯುಐಯಲ್ಲಿ ಅದು ಸಂಪರ್ಕದ ಸೆಟ್ಟಿಂಗಿನ ಒಳಪುಟದಲ್ಲೆಲ್ಲೋ ಇರುತ್ತದೆ.

ಇದೇ ದಾರಿಯಲ್ಲಿ ಕನ್ನಡಿಗರಿಗೆ ತೆರೆದಿರುವ ಒಂದು ದೊಡ್ಡ ಸಂಪತ್ತಿದೆ. ಕನ್ನಡ ವಿಕಿಪೀಡಿಯಾದ ಡೇಟಾಬೇಸ್ ಡಂಪ್‌ಗಳನ್ನು ವಿಕಿಮೀಡಿಯಾ ಪ್ರತಿಷ್ಠಾನ ಸಾರ್ವಜನಿಕವಾಗಿ ಇಟ್ಟಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಯಾವ ಲೇಖನಗಳಿಗೆ ಯಾವುದರಿಂದಲೂ ಕೊಂಡಿ ಇಲ್ಲ, ಯಾವ ವರ್ಗಗಳು ಖಾಲಿ ಎಂಬುದನ್ನೆಲ್ಲ ಅವುಗಳಿಂದ ತೆಗೆಯಬಹುದು. ಅವು ಬರುವುದು ಒತ್ತಿ ಚಿಕ್ಕದು ಮಾಡಿದ ಎಸ್‌ಕ್ಯೂಎಲ್, ಎಕ್ಸ್‌ಎಂಎಲ್ ಫೈಲ್‌ಗಳಾಗಿ. ಎಸ್‌ಕ್ಯೂಎಲ್ ಫೈಲ್‌ಗಳನ್ನು ಬಿಚ್ಚಿ ನೇರವಾಗಿ ಮೈಎಸ್‌ಕ್ಯೂಎಲ್‌ಗೆ ಹರಿಸಬಲ್ಲವರಿಗೆ ಅದು ಒಂದು ಸಂಜೆಯ ಕೆಲಸ.

ಬಾಳಿಕೆಯ ಮಾತನ್ನೂ ಆಡಬೇಕು, ಏಕೆಂದರೆ ‘ಹಳತು’ ಎಂಬ ಆರೋಪ ನಿಂತಿರುವುದು ಅದರ ಮೇಲೆ. ಬರ್ಕ್ಲಿಯಲ್ಲಿ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ 1990ರ ದಶಕದ ನಡುವೆ ಪೋಸ್ಟ್‌ಗ್ರೆಸ್‌ಗೆ ಎಸ್‌ಕ್ಯೂಎಲ್ ಸೇರಿಸಿದಾಗ ಜತೆಗೆ ಕೊಟ್ಟದ್ದು ಪಿಎಸ್‌ಕ್ಯೂಎಲ್. ಅಂದಿನಿಂದ ಅದು ಬೆಳೆಯುತ್ತಲೇ ಇದೆ. ಅದರ ಪಕ್ಕದಲ್ಲಿ ಪಿಜಿಅಡ್ಮಿನ್ ಮತ್ತೆ ಮತ್ತೆ ಹೊಸದಾಗಿ ಬರೆಸಿಕೊಂಡಿತು; 2016ರಲ್ಲಿ ಮೂರರಿಂದ ನಾಲ್ಕಕ್ಕೆ ಬಂದಾಗ ಇಡೀ ಪರದೆಯೇ ಬೇರೆಯಾಗಿತ್ತು. ಮೈಎಸ್‌ಕ್ಯೂಎಲ್‌ನ ಅಡ್ಮಿನಿಸ್ಟ್ರೇಟರ್, ಕ್ವೆರಿ ಬ್ರೌಸರ್ ಹೋಗಿ ವರ್ಕ್‌ಬೆಂಚ್ ಬಂತು. ಮೈಕ್ರೋಸಾಫ್ಟ್ 2018ರಲ್ಲಿ ಸಂಭ್ರಮದಿಂದ ತಂದ ಅಜ್ಯೂರ್ ಡೇಟಾ ಸ್ಟುಡಿಯೋವನ್ನು ನಿಲ್ಲಿಸುವುದಾಗಿ 2025ರಲ್ಲಿ ತಾನೇ ಸಾರಿತು. ಯಾವ ಮೆನುವಿನ ಒಳಗೆ ಯಾವ ಆಯ್ಕೆ ಇದೆಯೆಂದು ಬಾಯಿಪಾಠ ಮಾಡಿದವರ ಶ್ರಮ ಪ್ರತಿ ಸಲವೂ ನೀರಲ್ಲಿ ಹೋಮವಾಯಿತು.

ಈಚೆಗೆ ಹೊಸ ಪದರವೊಂದು ಬಂದಿದೆ. ಆದೇಶವೂ ಬೇಡ, ಬಟನ್ನೂ ಬೇಡ, ಎಐಗೆ ಮಾತಿನಲ್ಲಿ ಹೇಳಿದರೆ ಸಾಕು ಎಂಬುದು ಅದರ ಭರವಸೆ. 2025ರ ಜುಲೈನಲ್ಲಿ ರೆಪ್ಲಿಟ್ ಕಂಪನಿಯ ಎಐ ಏಜೆಂಟ್, ಏನನ್ನೂ ಬದಲಿಸಬೇಡ ಎಂದು ಬಳಕೆದಾರರು ಹೇಳಿದ್ದರೂ ಪ್ರೊಡಕ್ಷನ್ ಡೇಟಾಬೇಸನ್ನು ಅಳಿಸಿತು. ಹಿಂದಕ್ಕೆ ತರಲಾಗದು ಎಂದೂ ಹೇಳಿತು, ಆ ಮಾತು ಸುಳ್ಳಾಗಿತ್ತು, ಡೇಟಾ ಮರಳಿ ಬಂತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿ, ಅಭಿವೃದ್ಧಿಯ ಡೇಟಾಬೇಸನ್ನೂ ಪ್ರೊಡಕ್ಷನ್ ಡೇಟಾಬೇಸನ್ನೂ ಬೇರೆ ಮಾಡುವುದಾಗಿ ಹೇಳಿದರು. ಆದೇಶವನ್ನು ಮನುಷ್ಯರ ಕಣ್ಣಿಂದ ಮರೆಮಾಡಿದರೆ ಆದೇಶ ಇಲ್ಲವಾಗುವುದಿಲ್ಲ, ಅದನ್ನು ಓದುವವರು ಮಾತ್ರ ಇಲ್ಲವಾಗುತ್ತಾರೆ. ಎಐ ಬರೆದ ಡಿಲೀಟ್ ಆದೇಶವನ್ನು ಓಡುವ ಮುನ್ನ ಓದಿ ತಡೆಯಬೇಕಾದವರು ಆದೇಶ ಓದಲು ಕಲಿತಿರಬೇಕು. ಅದನ್ನೇ ಈಗ ಕಲಿಸುವುದು ಬೇಡ ಎನ್ನಲಾಗುತ್ತಿದೆ.

ಬದಲಾವಣೆ ಶುರುವಾಗಬೇಕಾದದ್ದು ಕಾಲೇಜಿನ ಡಿಬಿಎಂಎಸ್ ಲ್ಯಾಬಿನಲ್ಲಿ. ಪರದೆಯ ಚಿತ್ರಗಳನ್ನು ಅಚ್ಚುಹಾಕಿ ಅಂಟಿಸಿದ ರೆಕಾರ್ಡ್ ಬುಕ್ಕಿಗೆ ಸಹಿ ಹಾಕುವುದನ್ನು ನಿಲ್ಲಿಸಬೇಕು. ವಿದ್ಯಾರ್ಥಿ ಕೊಡಬೇಕಾದದ್ದು ಒಂದು ಎಸ್‌ಕ್ಯೂಎಲ್ ಫೈಲ್. ಪರೀಕ್ಷಕರು ಅದನ್ನು ಖಾಲಿ ಡೇಟಾಬೇಸಿನ ಮೇಲೆ ಒಂದು ಆದೇಶದಲ್ಲಿ ಓಡಿಸಿ ನೋಡಬೇಕು. ಸರ್ವರ್ ಬೇಡ, ಅನುಮತಿ ಬೇಡ ಎನ್ನುವವರಿಗೆ ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಎಸ್‌ಕ್ಯೂಲೈಟ್ ಇದೆ. ಅದು ವಿದ್ಯಾರ್ಥಿಗಳ ಜೇಬಿನ ಫೋನಿನೊಳಗೆ ಆಗಲೇ ಕೆಲಸ ಮಾಡುತ್ತಿದೆ, ಅದರ ಕಮಾಂಡ್ ಸಾಧನ ಚಿಕ್ಕದು, ಉಚಿತ. ವೈವಾದ ದಿನ ಪರೀಕ್ಷಕರು ವಿದ್ಯಾರ್ಥಿಯ ಡೇಟಾಬೇಸನ್ನು ಅಳಿಸಿ, ನಿನ್ನೆ ತೆಗೆದ ಡಂಪ್‌ನಿಂದ ಅದನ್ನು ಮತ್ತೆ ಎಬ್ಬಿಸಿ ತೋರಿಸು ಎಂದು ಕೇಳಬೇಕು. ಹತ್ತು ನಿಮಿಷದ ಕೆಲಸ ಅದು, ಅದಕ್ಕೆ ಅಂಕ ಇಡಬೇಕು.